ಶೀಟಿನಡಿಯ ಎರಡನೇ ಬಿಸಿಲು

ಬಹರೈನ್‌ನ ಮೀನಾ ಸಲ್ಮಾನ್ ಬಂದರಿನ ಹತ್ತಿರದ, ತಗಡಿನ ಮಾಡಿನ ಗೋದಾಮೊಂದರಲ್ಲಿ ನಮ್ಮೂರಿನ ಹುಡುಗನೊಬ್ಬ ಸ್ಟೋರ್ ನೋಡಿಕೊಳ್ಳುತ್ತಿದ್ದ. ಜುಲೈ ತಿಂಗಳ ಒಂದು ಮಧ್ಯಾಹ್ನ ಅವನನ್ನು ನೋಡಲು ಹೋದಾಗ, ಫ್ರಿಜ್ ತುಂಬಿಕೊಂಡು ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ತನ್ನ ಮೇಜಿನ ಮೇಲೆ ಚಪ್ಪರದ ಹಾಗೆ ಹಗ್ಗದಲ್ಲಿ ಕಟ್ಟಿಕೊಂಡು ಕೂತಿದ್ದ.

"ಇದೆಂಥ ಮಾರಾಯ, ಮಾಡಿನ ಅಡಿಯಲ್ಲಿ ಇನ್ನೊಂದು ಮಾಡು?" ಎಂದೆ.

"ಅಣ್ಣ, ನೀವೇ ಒಮ್ಮೆ ಆಚೆ ಈಚೆ ನಿಂತು ನೋಡಿ" ಎಂದ.

ರಟ್ಟಿನಿಂದ ಎರಡು ಹೆಜ್ಜೆ ಆಚೆ ನಿಂತೆ, ನೆತ್ತಿ ಚುರುಗುಟ್ಟಿತು. ಅಡಿಗೆ ಬಂದೆ, ಯಾರೋ ಕೊಡೆ ಹಿಡಿದಂತಾಯಿತು. ಫ್ಯಾನು ಅದೇ, ಗಾಳಿ ಅದೇ, ಕಂಬಕ್ಕೆ ನೇತುಹಾಕಿದ್ದ ಥರ್ಮಾಮೀಟರನ್ನು ಎಲ್ಲಿ ಹಿಡಿದರೂ ಹೆಚ್ಚುಕಡಿಮೆ ಅದೇ ಅಂಕಿ. ಹಾಗಾದರೆ ರಟ್ಟು ತಡೆದದ್ದು ಏನನ್ನು?

ಬೆಳಕನ್ನು. ಕಣ್ಣಿಗೆ ಕಾಣದ ಬೆಳಕನ್ನು. ಬಿಸಿಯಾದ ಯಾವುದೇ ವಸ್ತು ಅವರಕ್ತ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟದೆ, ಅದರ ಎದುರು ಅಂಗೈ ಹಿಡಿದರೂ ಕಾವು ತಿಳಿಯುವುದು ಇದರಿಂದಲೇ. ಬಿಸಿಲಿಗೆ ಕಾದ ತಗಡು ಅಂಥದೇ ಒಂದು ದೊಡ್ಡ ಇಸ್ತ್ರಿ ಪೆಟ್ಟಿಗೆ, ನಮ್ಮ ತಲೆಯ ಮೇಲೆ ಕವುಚಿ ಹಾಕಿದ್ದು. ಬಿಸಿಗಾಳಿ ಹಗುರ, ಅದು ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಮಾಡಿನ ಬಿಸಿ ಗಾಳಿಯ ಮೂಲಕ ನಮ್ಮವರೆಗೆ ಇಳಿಯುವುದು ಕಡಿಮೆ. ಬಹುಪಾಲು ಕಿರಣವಾಗಿಯೇ ಇಳಿಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಶೀಟು 70 ಡಿಗ್ರಿ ಸೆಲ್ಸಿಯಸ್ ಕಾದಿದೆ, ಅಡಿಭಾಗಕ್ಕೆ ಬಣ್ಣವೋ ತುಕ್ಕೋ ಹಿಡಿದಿದೆ, ಕೋಣೆಯೊಳಗಿನ ಗೋಡೆ ನೆಲ 37 ಡಿಗ್ರಿಯಲ್ಲಿವೆ ಅನ್ನಿ. ಬಿಸಿ ವಸ್ತು ಎಷ್ಟು ಕಾವು ಸೂಸುತ್ತದೆಂದು ಹೇಳುವ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಒಂದು ಚದರ ಮೀಟರಿಗೆ ಸುಮಾರು 235 ವ್ಯಾಟ್ ಕೆಳಗೆ ಇಳಿಯುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ ಎರಡು ಕಿಲೋವ್ಯಾಟಿಗೂ ಹೆಚ್ಚಾಯಿತು. ಒಂದು ಟನ್ನಿನ ಎಸಿ ಹೊರಹಾಕಬಲ್ಲದ್ದೇ ಸುಮಾರು ಮೂರೂವರೆ ಕಿಲೋವ್ಯಾಟ್. ಅಂದರೆ ಎಸಿಯ ಅರ್ಧಕ್ಕಿಂತ ಹೆಚ್ಚು ದುಡಿಮೆ ಮಾಡಿನ ಜೊತೆ ಜಗಳಕ್ಕೇ ಹೋಯಿತು.

ತಗಡಿಗೂ ಬಂದರಿಗೂ ಹಳೆಯ ನಂಟು. ಏಣುಏಣಾದ ಕಬ್ಬಿಣದ ತಗಡಿಗೆ 1829ರಲ್ಲಿ ಪೇಟೆಂಟ್ ಪಡೆದ ಹೆನ್ರಿ ರಾಬಿನ್ಸನ್ ಪಾಮರ್ ಲಂಡನ್ ಬಂದರಿನ ಇಂಜಿನಿಯರ್. ಕಡಿಮೆ ಭಾರದಲ್ಲಿ ದೊಡ್ಡ ಗೋದಾಮು ಮುಚ್ಚಬೇಕಿತ್ತು, ಮುಚ್ಚಿದ. ಸೆಖೆಯ ಚಿಂತೆ ಅವನಿಗೆ ಇರಲಿಲ್ಲ, ಲಂಡನ್ನಿನಲ್ಲಿ ಎಲ್ಲಿಯ ಸೆಖೆ! ಮುಂದೆ ಸತುವಿನ ಲೇಪ ಬಂತು, ನಮ್ಮ ಬಾಯಲ್ಲಿ ಅದು ಜಿಂಕ್ ಶೀಟಾಯಿತು, ಹಡಗು ಮುಟ್ಟಿದಲ್ಲೆಲ್ಲ ಮಾಡಾಯಿತು. ಮೀನಾ ಸಲ್ಮಾನ್ ಬಂದರು 1962ರಲ್ಲಿ ಶುರುವಾದದ್ದು. (ಅರಬ್ಬಿಯಲ್ಲಿ ಮೀನಾ ಎಂದರೆ ಬಂದರು, ನಮ್ಮ ಮೀನಿಗೂ ಅದಕ್ಕೂ ಸಂಬಂಧವಿಲ್ಲ.) 2009ರಲ್ಲಿ ಸರಕಿನ ವಹಿವಾಟು ಹಿದ್ದ್ ಕಡೆಯ ಖಲೀಫಾ ಬಿನ್ ಸಲ್ಮಾನ್ ಬಂದರಿಗೆ ಹೋಯಿತಾದರೂ ಸುತ್ತಲಿನ ಗೋದಾಮು, ವರ್ಕ್‌ಶಾಪುಗಳ ತಗಡಿನ ಮಾಡುಗಳು ಹೋಗಲಿಲ್ಲ. ತೈಲಕ್ಕಿಂತ ಮೊದಲಿನ ಬಹರೈನಿನಲ್ಲಿ ಬಡವರು ಖರ್ಜೂರದ ಗರಿಯ ಬರಸ್ತಿ ಮನೆಗಳಲ್ಲಿದ್ದರು, ನಮ್ಮ ಮಡಲಿನ ಮಾಡಿಗೆ ದಾಯಾದಿ ಅನ್ನಬಹುದು. ಗರಿ ಕಾಯುವುದೂ ಕಡಿಮೆ, ಸಂದಿಯಲ್ಲಿ ಗಾಳಿಯೂ ಆಡುತ್ತದೆ.

ಇನ್ನು ಉಪಾಯಕ್ಕೆ ಬರೋಣ. 1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಒಂದು ತಗಡಿನ ಡಬ್ಬಿಯ ಪ್ರಯೋಗವನ್ನು ಬರೆದಿಟ್ಟ. ಚೌಕ ಡಬ್ಬಿ, ಒಳಗೆ ಬಿಸಿನೀರು. ಒಂದು ಮುಖಕ್ಕೆ ಮಸಿ ಬಳಿದ, ಇನ್ನೊಂದನ್ನು ಹೊಳೆಯುವಂತೆ ತಿಕ್ಕಿಬಿಟ್ಟ. ನೀರು ಒಂದೇ, ಬಿಸಿ ಒಂದೇ. ಆದರೂ ಮಸಿಯ ಮುಖ ಧಾರಾಳವಾಗಿ ಕಾವು ಸೂಸಿತು, ಹೊಳೆಯುವ ಮುಖ ಜಿಪುಣನಂತೆ ಹಿಡಿದಿಟ್ಟುಕೊಂಡಿತು. ಫ್ಲಾಸ್ಕಿನಲ್ಲಿ ಚಹಾ ಬಿಸಿಯಾಗಿ ಉಳಿಯುವುದಕ್ಕೆ ಈ ಜಿಪುಣತನವೂ ಒಂದು ಕಾರಣ. ಬಣ್ಣ ಬಳಿದ ತಗಡು ಸೂಸಬಲ್ಲ ಕಾವಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಸೂಸಿದರೆ, ಹೊಳೆಯುವ ಅಲ್ಯೂಮಿನಿಯಂ ಹಾಳೆ ಸೂಸುವುದು ಮೂರರಿಂದ ಐದು ಪಾಲು. ನಮ್ಮ ಕೋಣೆಯ 235 ವ್ಯಾಟ್ ಹತ್ತು ಹನ್ನೆರಡಕ್ಕೆ ಇಳಿಯುವ ದಾರಿ ಇದು. ಬೆಳ್ಳಿ ಬಣ್ಣದ ಫಾಯಿಲನ್ನು ಶೀಟಿನಡಿ ಕಟ್ಟುವುದರ ಗುಟ್ಟೆಲ್ಲ ಇಷ್ಟೇ. ಬಹರೈನ್‌ಗಂತೂ ಇದು ಹಿತ್ತಲ ಮದ್ದು: ಅಲ್ಬಾ ಕಾರ್ಖಾನೆ 1971ರಿಂದ ಅಲ್ಲಿ ಅಲ್ಯೂಮಿನಿಯಂ ಕರಗಿಸುತ್ತಿದೆ.

ಆದರೆ ಒಂದು ಷರತ್ತಿದೆ, ಎಲ್ಲರೂ ಎಡವುವುದೂ ಅಲ್ಲಿಯೇ. ಹೊಳಪಿನ ಎದುರು ಗಾಳಿಯ ಸಂದು ಬೇಕು, ಒಂದಂಗುಲವಾದರೂ. ನಮ್ಮ ಮನೆಯ ಅಡುಗೆಕೋಣೆಯ ಹಿಂದಿನ ಚಾವಡಿಗೆ ಶೀಟು ಹಾಕಿದ ಕಾಂಟ್ರಾಕ್ಟರ್ ಫಾಯಿಲನ್ನು ಶೀಟಿಗೂ ಪ್ಲೈವುಡ್ಡಿಗೂ ನಡುವೆ ಸ್ಯಾಂಡ್‌ವಿಚ್ ಮಾಡಿ ಸ್ಕ್ರೂ ಬಿಗಿದು ಹೋದ. ದುಡ್ಡು ಎಣಿಸಿ ಕೊಟ್ಟೆವು, ಸೆಖೆ ಒಂದಿಷ್ಟೂ ಇಳಿಯಲಿಲ್ಲ. ಎರಡೂ ಕಡೆ ತಾಗಿಕೊಂಡ ಮೇಲೆ ಕಿರಣದ ಮಾತೇ ಇಲ್ಲ. ಬಿಸಿ ಮುಟ್ಟಿಕೊಂಡೇ ದಾಟುತ್ತದೆ, ಅಲ್ಯೂಮಿನಿಯಂ ಅದಕ್ಕೆ ಒಳ್ಳೆಯ ವಾಹಕ. ಪ್ಲೈವುಡ್ ಬಿಚ್ಚಿ, ಪಟ್ಟಿ ಕೊಟ್ಟು, ಫಾಯಿಲನ್ನು ಕೆಳಮುಖವಾಗಿ ಬಿಟ್ಟ ಮೇಲೆ ಅಮ್ಮ ಮಧ್ಯಾಹ್ನ ಅಲ್ಲಿ ಕೂತು ತರಕಾರಿ ಹೆಚ್ಚುವುದನ್ನು ಮತ್ತೆ ಶುರು ಮಾಡಿದರು.

ಕೆಳಮುಖ ಯಾಕೆ? ಸೂರ್ಯ ಮೇಲಿರುವಾಗ ಹೊಳಪೂ ಮೇಲಿರಬೇಕೆಂದು ತೋರುವುದು ಸಹಜ. ಹೊಸದರಲ್ಲಿ ಎರಡೂ ಸರಿಯೇ. ಆದರೆ ಮೇಲ್ಮುಖದ ಮೇಲೆ ಧೂಳು ಕೂರುತ್ತದೆ, ಧೂಳು ಕೂತ ಹೊಳಪು ಮಸಿಯ ಮುಖಕ್ಕೆ ಸಮ. ಧೂಳು ಹೊತ್ತ ಶಮಾಲ್ ಗಾಳಿ ಬೀಸಿದ ಮರುದಿನ ಬಹರೈನಿನಲ್ಲಿ ಕಾರಿನ ಗಾಜಿನ ಮೇಲೆ ಹೆಸರು ಬರೆಯಬಹುದು. ಕೆಳಮುಖಕ್ಕೆ ಧೂಳು ಅಂಟುವುದು ಕಡಿಮೆ.

ಹೊರಮೈಯ ನ್ಯಾಯ ಇದಕ್ಕೆ ಉಲ್ಟಾ. ಬೋಳು ಜಿಂಕ್ ಶೀಟು ಬಿಸಿಲನ್ನು ಒಂದಷ್ಟು ಹಿಂದಕ್ಕೆಸೆಯುತ್ತದೆ, ಆದರೆ ಹೀರಿಕೊಂಡ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡಲು ಅದೇ ಜಿಪುಣತನ ಅಡ್ಡಬರುತ್ತದೆ. ಬಿಳಿ ಬಣ್ಣಕ್ಕೆ ಎರಡೂ ಗುಣ: ಬಿಸಿಲಿನ ನೂರಕ್ಕೆ ಎಪ್ಪತ್ತು ಎಂಬತ್ತು ಪಾಲು ಒಪ್ಪಿಕೊಳ್ಳದೆ ತಿರುಗಿಸುತ್ತದೆ, ಒಳಗೆ ಬಂದದ್ದನ್ನು ಧಾರಾಳವಾಗಿ ಮೇಲಕ್ಕೆ ಸೂಸುತ್ತದೆ. ಹೊರಗೆ ಬಿಳಿ, ಒಳಗೆ ಹೊಳಪು, ನಡುವೆ ಗಾಳಿ.

ಕಡಲ ಬದಿಯಲ್ಲಿ ಇನ್ನೊಂದು ತಾಪತ್ರಯ. ಒಣ ಮರುಭೂಮಿಯಲ್ಲಿ ರಾತ್ರಿಯ ಮಾಡು ಆಕಾಶಕ್ಕೆ ಬಿಸಿ ಬಿಟ್ಟು ಬೇಗ ತಣಿಯುತ್ತದೆ. ಕೊಲ್ಲಿಯ ತೇವದ ಗಾಳಿ ಆ ದಾರಿಗೆ ಅರ್ಧ ಬಾಗಿಲು ಹಾಕಿಬಿಡುತ್ತದೆ. ಬಹರೈನಿನಿಂದ ಸೇತುವೆ ದಾಟಿದರೆ ಸಿಗುವ ಸೌದಿಯ ದಹ್ರಾನಿನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕಟ್ಟತೊಡಗುವ ಉಷ್ಣತೆ, 35 ಡಿಗ್ರಿ ಮುಟ್ಟಿತ್ತು. ಅಂಥ ಗಾಳಿಯಲ್ಲಿ 34 ಡಿಗ್ರಿಯ ತಗಡೂ ಬೆವರುತ್ತದೆ! ಎಸಿ ಹಾಕಿದ ಕೋಣೆಯ ಮಾಡಿನಲ್ಲಿ ನೀರು ಕಟ್ಟಿ, ಸ್ಕ್ರೂ ಬುಡದಲ್ಲಿ ತುಕ್ಕು ಶುರುವಾಗುವುದು ಹೀಗೆ. ಸಂದಿನ ಎರಡು ತುದಿಯಲ್ಲಿ ಗಾಳಿ ಓಡಾಡಲು ಕಿಂಡಿ ಬಿಡಬೇಕು, ಫಾಯಿಲಿನ ಜೋಡಣೆಗೆ ಟೇಪು ಹಚ್ಚಬೇಕು.

ಊರಿನಲ್ಲಿ ಈಗ ಮಂಗಳೂರು, ಉಡುಪಿ ಕಡೆ ತಾರಸಿಯ ಮೇಲೆ ಶೀಟು ಕಾಣದ ಮನೆ ಅಪರೂಪ. ಹಾಕಿಸುವುದು ಮಳೆಗೆ, ಸೋರುವ ಕಾಂಕ್ರೀಟಿಗೆ ಹೆದರಿ. ಅದು ಬೇಸಗೆಯಲ್ಲೂ ಉಪಕಾರ ಮಾಡುತ್ತದೆ: ಸ್ಲ್ಯಾಬಿಗೆ ನೇರ ಬಿಸಿಲು ಬೀಳುವುದಿಲ್ಲ, ಶೀಟಿಗೂ ಸ್ಲ್ಯಾಬಿಗೂ ನಡುವಿನ ಏಳೆಂಟು ಅಡಿ ತೆರೆದ ಗಾಳಿ ಶೀಟಿನ ಬಿಸಿಯನ್ನೂ ಒಯ್ಯುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮನೆಗಳಲ್ಲಿ ಅಟ್ಟ ಮತ್ತು ಮರದ ಮುಚ್ಚಿಗೆ ಮಾಡುತ್ತಿದ್ದ ಕೆಲಸವೂ ಇದೇ. ಆದರೆ ಹೆಂಚಿನ ನೆನಪಿಗೆಂದು ಶೀಟಿಗೂ ಕಡುಗೆಂಪು ಬಣ್ಣ ಆರಿಸುವ ಚಪಲ ನನಗೆ ಒಗ್ಗುವುದಿಲ್ಲ. ಚಂದ ಕಾಣುತ್ತದೆ, ಒಪ್ಪಿದೆ. ಬಿಸಿಲು ಕುಡಿಯುವುದರಲ್ಲೂ ಅದು ಮುಂದು.

ನಿಮ್ಮದು ಶೀಟಿನ ಮನೆಯಾದರೆ ದೊಡ್ಡ ಎಸಿ ಕೊಳ್ಳುವ ಮುಂಚೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಒಂದು ರಟ್ಟನ್ನು ತಲೆಯ ಮೇಲೆ ಹಿಡಿದು ನಿಂತು ನೋಡಿ. ನೆತ್ತಿಗೆ ಹಾಯೆನಿಸಿದರೆ ಎಸಿಯ ಅಂಗಡಿಗೆ ಆಮೇಲೆ ಹೋದರಾಯಿತು, ಮೊದಲು ಫಾಯಿಲ್ ತನ್ನಿ.