ಚಿಲುಮೆಯ ಹೊಗೆ, ಚಿತ್ತದ ಕಳವಳ

ಕನ್ನಡದಲ್ಲಿ ‘ಚಿಲುಮೆ’ ಎಂಬ ಒಂದೇ ಉಚ್ಚಾರಣೆಯ ಮಾತುಗಳು ಎರಡುಂಟು. ನೀರಿನ ಊಟೆಯೆಂಬ ಅರ್ಥದ್ದು ನಮ್ಮ ನೆಲದ ಮಾತು. ಹೊಗೆಯ ಕೊಳವೆಯೆಂಬ ಅರ್ಥದ್ದು ಪಾರಸಿಯಿಂದ ಬಂದದ್ದು. ‘ಸೇದು’ ಎಂಬ ಕ್ರಿಯಾಪದವೂ ಹಾಗೆಯೇ: ಬಾವಿಯ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ತರಗತಿಯಲ್ಲಿ ಇದನ್ನು ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಈಚೆಗೆ ಹೇಳುವುದನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನ ತಾಯಿ ಮನೆಗೆ ಬಂದರು. ಕಾಲೇಜು ಸೇರಿದ ಮಗನಿಗೆ ರಾತ್ರಿ ನಿದ್ದೆಯಿಲ್ಲ, ಊಟ ಸೇರದು. ಪಕ್ಕದ ಮನೆಯವರು ತನ್ನನ್ನೇ ಕುರಿತು ಪಿಸುಗುಟ್ಟುತ್ತಾರೆ ಎನ್ನುತ್ತಾನೆ. ಅಂಗಿಯಲ್ಲಿ ಏನೋ ಸುಟ್ಟ ಸೊಪ್ಪಿನ ವಾಸನೆ. “ಮೇಷ್ಟ್ರೇ, ಯಂತ್ರ ಕಟ್ಟಿಸಲೇ, ಇಲ್ಲಾ ಹೆಣ್ಣು ನೋಡಲೇ?” ಎಂದರು. ನಾನು, “ವಯಸ್ಸಿನ ಚಪಲ, ತಾಯಿ, ತಾನಾಗಿ ಸರಿಹೋಗುತ್ತಾನೆ” ಎಂದು ಕಳುಹಿಸಿಬಿಟ್ಟೆ. ಹುಡುಗ ಸೇದುತ್ತಿದ್ದುದು ಹೊಗೆಸೊಪ್ಪಿನೊಡನೆ ಬೆರೆಸಿದ ಗಾಂಜಾ. ಅವನು ವೈದ್ಯರ ಮುಂದೆ ಕುಳಿತದ್ದು ಅಲ್ಲಿಂದ ಐದು ತಿಂಗಳ ಮೇಲೆ. ಆ ಐದು ತಿಂಗಳಲ್ಲಿ ನನ್ನ ಪಾಲೂ ಇದೆಯೆಂದು, ಆಮೇಲೆ ಈ ವಿಷಯವನ್ನು ಓದಲು ಹಿಡಿದೆ.

ಗಾಂಜಾದಲ್ಲಿ ಮತ್ತು ಬರಿಸುವ ಟಿ.ಎಚ್.ಸಿ. ಎಂಬ ವಸ್ತುವನ್ನು 1964ರಲ್ಲಿ ಇಸ್ರೇಲಿನ ಮೆಶೂಲಂ ಮತ್ತು ಗಾವೋನಿ ಎಂಬ ವಿಜ್ಞಾನಿಗಳು ಶುದ್ಧವಾಗಿ ಬೇರ್ಪಡಿಸಿದರು. ಅದು ಹೋಗಿ ತಂಗುವ ನೆಲೆಗಳು ಮಿದುಳಿನಲ್ಲಿ ಮೊದಲೇ ಇವೆ. ಆ ನೆಲೆಗಳಿಗೆಂದೇ ದೇಹ ತಯಾರಿಸಿಕೊಳ್ಳುವ ವಸ್ತುವೊಂದು 1992ರಲ್ಲಿ ಕಂಡುಬಂದಾಗ, ನಮ್ಮ ‘ಆನಂದ’ ಶಬ್ದವನ್ನೇ ಎರವು ಪಡೆದು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಪಂಡಿತನಾದವನಿಗೆ ಇದನ್ನೋದಿ ಹಿಗ್ಗದಿರಲು ಸಾಧ್ಯವೆ? ಆದರೆ ದೇಹವು ಆ ಆನಂದವನ್ನು ಬೇಕಾದಲ್ಲಿಗೆ, ಬೇಕಾದಷ್ಟೇ ಬಡಿಸುತ್ತದೆ. ಹೊಗೆಯಲ್ಲಿ ಬಂದದ್ದು ಮಿದುಳಿನ ಎಲ್ಲೆಡೆಗೂ ಒಮ್ಮೆಗೇ ನುಗ್ಗುತ್ತದೆ. ಹದಿನೆಂಟು ಇಪ್ಪತ್ತರ ಮಿದುಳು ಇನ್ನೂ ಬಲಿಯುತ್ತಿರುವ ಮಿದುಳು ಎಂಬುದನ್ನೂ ಮರೆಯಬಾರದು.

ಹೊಗೆಸೊಪ್ಪಿನ ಬಗೆ ಬೇರೆ. ಅದರ ನಿಕೋಟಿನ್ ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಸಿಡುಕು, ಚಡಪಡಿಕೆ, ಅಂಜಿಕೆ ಏಳುತ್ತವೆ. ಮತ್ತೆ ಸೇದಿದರೆ ಅಡಗುತ್ತವೆ. ಸೇದಿದವನು ಹೊಗೆಯಿಂದ ಸಮಾಧಾನ ಸಿಕ್ಕಿತೆಂದು ತಿಳಿಯುತ್ತಾನೆ. ನಿಜವಾಗಿ ಆ ಹೊಗೆ ತಾನೇ ಹಾಕಿದ ಗಂಟನ್ನು ತಾನೇ ಸಡಿಲಿಸಿತು, ಅಷ್ಟೆ. ಎರಡನ್ನೂ ಒಂದೇ ಸುರುಳಿಯಲ್ಲಿ ಸುತ್ತಿದಾಗ ಯಾವುದು ಏನನ್ನು ಮಾಡಿತೆಂದು ಸೇದಿದವನಿಗೇ ತಿಳಿಯದು. “ನನಗೆ ಬೀಡಿಯ ಚಟವಿಲ್ಲ” ಎನ್ನುತ್ತಲೇ ನಿಕೋಟಿನ್ನಿಗೆ ಕಟ್ಟುಬೀಳುತ್ತಾನೆ. ಗಾಂಜಾ ಬಿಟ್ಟ ಮೇಲೆ ಬರಿಯ ಬೀಡಿಯೂ ಹಳೆಯ ಗೆಳೆಯರನ್ನೂ ಹಳೆಯ ಸಂಜೆಯನ್ನೂ ನೆನಪಿಗೆ ತರುತ್ತದೆ.

ಇದರಿಂದ ಚಿತ್ತ ಕೆಡುತ್ತದೆಯೆ? ಈ ಪ್ರಶ್ನೆ ಹಳೆಯದು. ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವೊಂದು 1893-94ರಲ್ಲಿ ಇಂಡಿಯಾದ ಹುಚ್ಚಾಸ್ಪತ್ರೆಗಳ ದಫ್ತರಗಳನ್ನು ಜಾಲಾಡಿತು. ರೋಗಿ ಗಾಂಜಾ ಸೇದುವವನೆಂದು ಕೇಳಿದೊಡನೆ ಬೇರೆ ವಿಚಾರಣೆಯಿಲ್ಲದೆ ಅದನ್ನೇ ರೋಗದ ಕಾರಣವೆಂದು ಬರೆದುಕೊಂಡ ಪ್ರಕರಣಗಳು ಎಷ್ಟೋ ಕಂಡುಬಂದವು. ಎಲ್ಲ ಹುಚ್ಚಿಗೂ ಗಾಂಜಾವೇ ಮೂಲವೆನ್ನುವವರು ಇದನ್ನು ನೆನೆಯಬೇಕು. ಏನೂ ಆಗದೆನ್ನುವವರಿಗೂ ಉತ್ತರವಿದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಕರೆ ಬಂದ 45,570 ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ವರದಿಯಂತೆ, ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆ, ಬಳಸದವರಲ್ಲಿ ಕಂಡದ್ದರ ಆರರಷ್ಟಿತ್ತು. ಸೇದಿದವರಲ್ಲಿ ಬಹುಮಂದಿಗೆ ಆ ರೋಗ ಬರಲಿಲ್ಲವೆಂಬುದೂ ನಿಜ. ಎರಡನ್ನೂ ಬಳಸುವವರ ವಿಷಯವಾಗಿ ಅಮೆರಿಕದ ಐವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿದ ಸಮೀಕ್ಷೆಯೊಂದು 2023ರಲ್ಲಿ ಹೊರಬಂತು: ಯಾವುದನ್ನೂ ಮುಟ್ಟದವರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಕಳವಳರೋಗ ಅಥವಾ ಖಿನ್ನತೆಯ ಲಕ್ಷಣಗಳಿದ್ದರೆ, ಎರಡನ್ನೂ ಬಳಸುವವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ದುಃಖವಿದ್ದುದರಿಂದ ಸೇದಿದರೋ, ಸೇದಿದ್ದರಿಂದ ದುಃಖವೋ, ಸಮೀಕ್ಷೆಯೊಂದೇ ಹೇಳಲಾರದು. ಬಹುಶಃ ಎರಡೂ ಒಂದನ್ನೊಂದು ದೂಡುತ್ತವೆ.

ಮನೆಯವರಿಗೆ ತಿಳಿಯದ ಇನ್ನೊಂದು ಸಂಗತಿ. ಯಾವ ಸೊಪ್ಪಿನ ಹೊಗೆಯಾದರೂ ಅದರ ಡಾಂಬರಿನಂಥ ಮಸಿ ಈರಲಿಯನ್ನು ಚುರುಕುಗೊಳಿಸಿ, ಕ್ಲೋಜಪಿನ್, ಓಲಾಂಜಪಿನ್ ಮೊದಲಾದ ಚಿತ್ತರೋಗದ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಸೇದುವವನಿಗೆ ಹೆಚ್ಚು ಗುಳಿಗೆ ಬೇಕಾಗುತ್ತದೆ. ಅವನು ಥಟ್ಟನೆ ಬಿಟ್ಟರೆ ಅದೇ ಗುಳಿಗೆ ಅತಿಯಾಗುತ್ತದೆ. ಆದ್ದರಿಂದ ಬಿಡುವುದನ್ನೂ ವೈದ್ಯರಿಗೆ ಹೇಳಿಯೇ ಬಿಡಬೇಕು.

ಪೊಲೀಸರ ಅಂಜಿಕೆಯಿಂದ ಬಾಯಿ ಮುಚ್ಚಿಕೊಳ್ಳುವವರೂ ಉಂಟು. 1985ರ ಮಾದಕವಸ್ತು ಕಾಯಿದೆಯಲ್ಲೇ, ಅಲ್ಪ ಪ್ರಮಾಣದ ತಪ್ಪಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ರಕ್ಷಣೆ ಕೊಡುವ ಕಲಮು ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. ದೂರವಾದರೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಎಂದು ಒತ್ತಿದರೆ ಸಾಕು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಆ ಹುಡುಗ ಈ ವರ್ಷ ಪರೀಕ್ಷೆಗೆ ಕಟ್ಟಿದ್ದಾನೆ. ಗುಳಿಗೆ ನಡೆಯುತ್ತಿದೆ, ಗಾಂಜಾ ಬಿಟ್ಟಿದ್ದಾನೆ, ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಮೊನ್ನೆ ಬಂದವನು ಜಗಲಿಯ ಮೇಲೆ ಕುಳಿತು, ಪಠ್ಯದಲ್ಲಿದ್ದ ಒಂದು ಹಳಗನ್ನಡ ಪದ್ಯದ ಅನ್ವಯವನ್ನು ಕೇಳಿದ.