ಎಂಟು ಸಾಲಿನ ದೀಪಫಲಕದಲ್ಲಿ ಒತ್ತಕ್ಷರಕ್ಕೆ ಜಾಗವೆಲ್ಲಿ?

ಬಸ್ಸಿನ ಹಣೆಯ ಮೇಲೆ, ರೈಲು ನಿಲ್ದಾಣದಲ್ಲಿ, ಬ್ಯಾಂಕಿನ ಟೋಕನ್ ಕಿಟಕಿಯ ಮೇಲೆ ಚುಕ್ಕೆಗಳಲ್ಲಿ ಮೂಡಿ ಓಡುವ ಅಕ್ಷರಗಳನ್ನು ನೋಡದ ನಗರವಾಸಿಗಳಿಲ್ಲ. ಅಂಥದೊಂದು ಪುಟ್ಟ ಫಲಕವನ್ನು ಆಸಕ್ತರು ಮನೆಯಲ್ಲಿಯೇ ಜೋಡಿಸಬಹುದು. ಬೇಕಾಗುವ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಇಂಗ್ಲಿಷಿನಲ್ಲಿ ಹೆಸರು ಮೂಡಿಸಲು ಒಂದು ಸಂಜೆ ಸಾಕು. ಕನ್ನಡದಲ್ಲಿ ಮೂಡಿಸಹೊರಟಾಗಲೇ ನಿಜವಾದ ಕೆಲಸ ಆರಂಭವಾಗುತ್ತದೆ.

ಸಾಮಾನ್ಯ ಎಲ್‌ಇಡಿ ಮ್ಯಾಟ್ರಿಕ್ಸ್‌ನಲ್ಲಿ ಎಂಟು ಅಡ್ಡಸಾಲು, ಎಂಟು ಕಂಬಸಾಲು, ಒಟ್ಟು 64 ದೀಪಗಳಿರುತ್ತವೆ. ಹೊರಬರುವ ಕಾಲುಗಳು ಮಾತ್ರ 16. ಒಂದು ಸಾಲನ್ನು ಬೆಳಗಿಸಿ, ಆರಿಸಿ, ಮುಂದಿನದಕ್ಕೆ ಹೋಗುವ ಕ್ರಿಯೆ ಅತಿ ವೇಗವಾಗಿ ನಡೆಯುವುದರಿಂದ ಇಡೀ ಚಿತ್ರ ಒಮ್ಮೆಲೇ ಬೆಳಗಿದಂತೆ ಕಣ್ಣಿಗೆ ಭಾಸವಾಗುತ್ತದೆ.

ಈ 16 ಕಾಲುಗಳನ್ನು ಆರ್ಡುಯಿನೊ ಯೂನೊ ಬೋರ್ಡಿಗೆ ನೇರವಾಗಿ ಜೋಡಿಸುವುದು ಉಚಿತವಲ್ಲ. ಬೋರ್ಡಿನ ಒಂದು ಪಿನ್ ತಾಳಿಕೊಳ್ಳುವ ಗರಿಷ್ಠ ವಿದ್ಯುತ್ತು 40 ಮಿಲಿಆಂಪಿಯರ್. ತಲಾ 20 ಮಿಲಿಆಂಪಿಯರ್‌ನಂತೆ ಒಂದು ಸಾಲಿನ ಎಂಟೂ ದೀಪಗಳು ಬೆಳಗಿದರೆ 160 ಆಗುತ್ತದೆ, ಚಿಪ್ ಸುಟ್ಟುಹೋದೀತು. ಆದಕಾರಣ ನಡುವೆ ಮ್ಯಾಕ್ಸ್7219 ಎಂಬ ಚಾಲಕ ಐಸಿ ಇರುವ ಮಾಡ್ಯೂಲನ್ನೇ ಕೊಳ್ಳುವುದು ಲೇಸು. ಸಾಲುಗಳನ್ನು ಸೆಕೆಂಡಿಗೆ ಸುಮಾರು 800 ಬಾರಿ ಸುತ್ತಿಬರುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ಆಗ ಐದೇ ತಂತಿಗಳು ಸಾಕು. ಮಾಡ್ಯೂಲಿನ ಡಿಐಎನ್ ಬೋರ್ಡಿನ 11ನೇ ಪಿನ್ನಿಗೆ, ಸಿಎಸ್ 10ಕ್ಕೆ, ಸಿಎಲ್‌ಕೆ 13ಕ್ಕೆ. ಉಳಿದೆರಡು 5 ವೋಲ್ಟ್ ಮತ್ತು ಗ್ರೌಂಡ್. ಮಾಡ್ಯೂಲಿನ ಎರಡೂ ತುದಿಗಳು ಒಂದೇ ತೆರನಾಗಿ ಕಾಣುವುದರಿಂದ ಹೊಸಬರು ಡಿಔಟ್ ಬದಿಗೆ ತಂತಿ ಹಾಕಿ, ಏನೂ ಬೆಳಗಲಿಲ್ಲವೆಂದು ಅಂಗಡಿಯವರನ್ನು ದೂರುವುದುಂಟು. ವಿದ್ಯುತ್ ಹರಿದೊಡನೆ ಐಸಿ ನಿದ್ರಾಸ್ಥಿತಿಯಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ಅದನ್ನು ಎಚ್ಚರಿಸಿ, ಎಂಟೂ ಸಾಲುಗಳನ್ನು ತೋರಿಸುವಂತೆ ಪ್ರೋಗ್ರಾಮಿನ ಆರಂಭದಲ್ಲೇ ಆಜ್ಞೆ ನೀಡಬೇಕು.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಅಕ್ಷರಗಳು ಎಂಟು ಸಾಲಿನೊಳಗೆ ನೆಮ್ಮದಿಯಾಗಿ ಕೂರುತ್ತವೆ. ‘ಚಿಕ್ಕಮಗಳೂರು’ ಎಂದು ಬರೆಯಹೊರಟರೆ ‘ಚಿ’ಗೆ ಮೇಲೆ ಗುಡಿಸು ಬೇಕು, ‘ಕ್ಕ’ದ ಒತ್ತಿಗೆ ಕೆಳಗೆ ಜಾಗ ಬೇಕು. ಎಂಟು ಸಾಲಿನಲ್ಲಿ ಎರಡನ್ನೂ ತುರುಕಿದರೆ ಅಕ್ಷರ ಕೇವಲ ಚುಕ್ಕೆಗಳ ಗುಂಪಾಗುತ್ತದೆ. ಒತ್ತನ್ನೇ ಕೈಬಿಟ್ಟರೆ ಊರಿನ ಹೆಸರೇ ಕೆಡುತ್ತದೆ. ಓದಲಾಗದ ಕನ್ನಡ ಫಲಕವಿದ್ದೂ ಇಲ್ಲದಂತೆಯೇ ಎಂಬುದು ಈ ಲೇಖಕನ ಅಭಿಪ್ರಾಯ. ಕನಿಷ್ಠ 16 ಸಾಲುಗಳು ಬೇಕೇ ಬೇಕು.

ಇದಕ್ಕೆ ನಾಲ್ಕು ಮ್ಯಾಟ್ರಿಕ್ಸ್‌ಗಳನ್ನು ಹೊಂದಿದ ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಮೇಲಿನದರ ಡಿಔಟನ್ನು ಕೆಳಗಿನದರ ಡಿಐಎನ್‌ಗೆ ಜೋಡಿಸಬೇಕು. ಆಗ 16 ಸಾಲು, 32 ಕಂಬ, ಒಟ್ಟು 512 ದೀಪಗಳ ಫಲಕ ಸಿದ್ಧ. ತಂತಿ ಐದೇ ಆದರೂ ವಿದ್ಯುತ್ತಿನ ಲೆಕ್ಕ ಬದಲಾಗುತ್ತದೆ. ಪೂರ್ಣ ಪ್ರಕಾಶದಲ್ಲಿ ಒಂದೊಂದು ಐಸಿಯೂ 300 ಮಿಲಿಆಂಪಿಯರ್‌ಗೂ ಮಿಕ್ಕಿ ಎಳೆಯಬಲ್ಲದು. ಎಂಟು ಸೇರಿದರೆ ಎರಡೂವರೆ ಆಂಪಿಯರ್. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್ ಮಾತ್ರ. ಪ್ರತ್ಯೇಕ 5 ವೋಲ್ಟ್ ಅಡಾಪ್ಟರಿನಿಂದ ದೀಪಗಳಿಗೆ ವಿದ್ಯುತ್ ಕೊಟ್ಟು, ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಕೂಡಿಸುವುದು ಕಡ್ಡಾಯ. ಪ್ರಕಾಶದ 16 ಹಂತಗಳಲ್ಲಿ ಮೂರು-ನಾಲ್ಕನೆಯದೇ ಕೋಣೆಯೊಳಗೆ ಸಾಕಷ್ಟಾಗುತ್ತದೆ.

ಅಕ್ಷರಗಳನ್ನು ಎಲ್ಲಿಂದ ತರುವುದು? ಯೂನಿಕೋಡ್‌ನಲ್ಲಿ ‘ಕ್ಕ’ ಎಂಬುದು ಕ, ವಿರಾಮಚಿಹ್ನೆಯಾದ ಹಲಂತ, ಮತ್ತೆ ಕ ಎಂಬ ಮೂರು ಸಂಕೇತಗಳ ಸರಣಿ. ಅವನ್ನು ಬೆಸೆದು ಒಂದೇ ಆಕೃತಿಯಾಗಿ ತೋರಿಸುವ ತಂತ್ರಾಂಶ ಕಂಪ್ಯೂಟರಿನಲ್ಲಿದೆ, ಈ ಪುಟ್ಟ ಬೋರ್ಡಿನಲ್ಲಿಲ್ಲ. ಆದ್ದರಿಂದ ಚೌಕಳಿ ಕಾಗದದ ಮೇಲೆ ಪ್ರತಿ ಅಕ್ಷರವನ್ನೂ ಒತ್ತುಸಹಿತ ಬಿಡಿಸಿ, ಬೆಳಗಬೇಕಾದ ಮನೆಗೆ 1, ಉಳಿದದ್ದಕ್ಕೆ 0 ಎಂದು ಬರೆದುಕೊಳ್ಳಬೇಕು. 16 ಸಾಲು, 16 ಕಂಬಗಳ ಅಕ್ಷರಕ್ಕೆ 32 ಬೈಟ್. ಚಿಕ್ಕಮಗಳೂರಿನ ಆರು ಅಕ್ಷರಗಳಿಗೆ 192 ಬೈಟ್. ಯೂನೊದ 32 ಕಿಲೋಬೈಟ್ ಫ್ಲ್ಯಾಶ್ ಸ್ಮೃತಿಗೆ ಇದೇನೂ ಭಾರವಲ್ಲ. ಫಲಕದಲ್ಲಿ ಒಮ್ಮೆಗೆ ಎರಡೇ ಅಕ್ಷರ ಹಿಡಿಯುವುದರಿಂದ ಹೆಸರನ್ನು ಓಡಿಸಬೇಕಾಗುತ್ತದೆ. ಮೇಲಿನ ಪಟ್ಟಿಯೂ ಕೆಳಗಿನದೂ ಒಟ್ಟಿಗೇ ಸರಿಯದಿದ್ದರೆ ‘ಕ’ ಮುಂದೆ ಹೋಗಿ ಒತ್ತು ಹಿಂದುಳಿಯುತ್ತದೆ.

ಮೊದಲ ಪ್ರಯತ್ನದಲ್ಲಿ ಅಕ್ಷರಗಳು ಅಡ್ಡಲಾಗಿ ಅಥವಾ ಕನ್ನಡಿಯಲ್ಲಿ ಕಂಡಂತೆ ಮೂಡಿದರೆ ಚಿತ್ರಗಳನ್ನು ಮತ್ತೆ ಬಿಡಿಸಬೇಕಾಗಿಲ್ಲ. ಮಾಡ್ಯೂಲುಗಳಲ್ಲಿ ದೀಪಗಳನ್ನು ಐಸಿಗೆ ಜೋಡಿಸುವ ಕ್ರಮ ಒಂದೇ ಬಗೆಯದಲ್ಲ. ಬಳಸುತ್ತಿರುವ ಲೈಬ್ರರಿಯಲ್ಲಿ ಮಾಡ್ಯೂಲಿನ ಬಗೆಯನ್ನು ಬದಲಿಸಿ ನೋಡಿದರಾಯಿತು.