ಅಜ್ಜಿಯ ಮಂಚಕ್ಕೆ ಎಣ್ಣೆ ಕುಡಿಸಬೇಡಿ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹಳೆಯ ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಬೀಟೆಯ ಮಂಚ, ತೇಗದ ಬೀರು, ಹೊನ್ನೆಯ ಪೆಟ್ಟಿಗೆ ಅಂಗಳಕ್ಕೆ ಬರುತ್ತವೆ. ಅಂಥ ಚೇಗು ತುಂಬಿದ ಮರ ಇನ್ನು ಸುಲಭಕ್ಕೆ ಸಿಗದು. ಏಕೆಂದರೆ ಪಕ್ಕದ ಬಂಡೀಪುರದ ಕಾಡು 1973ರಲ್ಲೇ ಹುಲಿ ಯೋಜನೆಗೆ ಸೇರಿತು. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2017ರಿಂದ ಕಟ್ಟುಪಾಡಿದೆ. ಆದರೂ ಇವು ಹುಳು ತಿಂದು ಹಾಳಾಗುವುದಕ್ಕಿಂತ ಹೆಚ್ಚಾಗಿ ನಮ್ಮ ಅಕ್ಕರೆಯ ರಿಪೇರಿಯಿಂದಲೇ ಹಾಳಾಗುತ್ತವೆ ಎಂಬುದು ನನ್ನ ಸಂಕಟ.

‘ಮರ ಒಣಗಿದೆ, ಎಣ್ಣೆ ಕುಡಿಸಿ’ ಎನ್ನುವವರು ಬಹಳ. ಕಡಿದ ಮರ ಗಾಳಿಯ ತೇವವನ್ನು ಹೀರಿ ಬಿಡುತ್ತದೆಯೇ ಹೊರತು ಎಣ್ಣೆಯಿಂದ ಪುಷ್ಟಿ ಪಡೆಯುವುದಿಲ್ಲ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಣಗುವ ಜಾತಿಯವಲ್ಲ. ಜಿಗುಟಾಗಿ ಉಳಿದು ದೂಳು ಹಿಡಿದು ಕಪ್ಪಾಗುತ್ತವೆ, ಮುಂದೆ ಪಾಲಿಶ್ ಹಚ್ಚಿದರೂ ಹಿಡಿಯದು. ಅಗಸೆ ಎಣ್ಣೆಯಾದರೋ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ. ಅದನ್ನು ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಕಾದು ಹೊತ್ತಿಕೊಳ್ಳುವ ಅಪಾಯವಿದೆ. ಬಯಲಲ್ಲಿ ಹರಡಿ ಒಣಗಿಸಿ.

ಎರಡನೆಯದು ಇದಕ್ಕಿಂತ ದೊಡ್ಡ ತಪ್ಪು: ಹಳೆಯ ಪಾಲಿಶನ್ನೆಲ್ಲ ಮಿಷನ್ ಹಾಕಿ ಉಜ್ಜಿ ತೆಗೆದರೇ ಹೊಸದು ಕೂರುತ್ತದೆ ಅನ್ನುವುದು. ಹಿಂದೆ ಬಳಸುತ್ತಿದ್ದ ಪಾಲಿಶ್ ಬಹುಪಾಲು ಅರಗು. ಮುತ್ತುಗ, ಎಲಚಿಯಂಥ ಗಿಡಗಳ ಮೇಲೆ ಅರಗಿನ ಹುಳು ಬಿಡುವ ಅಂಟನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಪರೀಕ್ಷೆ ಸುಲಭ. ಮಂಚದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಮೇಲ್ಮೈ ಅಂಟಂಟಾದರೆ ಅರಗು. ಏನೂ ಆಗದಿದ್ದರೆ ವಾರ್ನಿಷ್ ಅಥವಾ ಪಿಯು (ಪಾಲಿಯುರೆಥೇನ್). ಅರಗಾದರೆ ನೀವು ಅದೃಷ್ಟವಂತರು. ಹೊಸ ಅರಗು ಹಳೆಯದನ್ನು ಕೊಂಚ ಕರಗಿಸಿ ಅದರೊಳಗೇ ಬೆರೆಯುತ್ತದೆ. ಹಾಗಾಗಿ ಕೊಳೆ ಒರೆಸಿ ತೆಳುವಾಗಿ ಎರಡು ಮೂರು ಕೈ ಹಚ್ಚಿದರೆ ಸಾಕು. ಬಿಸಿ ಲೋಟ ಇಟ್ಟು ಬಿದ್ದ ಬಿಳಿ ಉಂಗುರವೂ ಸಾಮಾನ್ಯವಾಗಿ ಪಾಲಿಶ್‌ನಲ್ಲಿ ಸಿಕ್ಕಿದ ತೇವವೇ, ಮರದ್ದಲ್ಲ.

ಮಿಷನ್ನಿನಿಂದ ಉಜ್ಜಿದರೆ ಹೋಗುವುದು ಕೊಳೆ ಮಾತ್ರವಲ್ಲ. ದಶಕಗಳ ಬೆಳಕು, ಗಾಳಿ, ಕೈ ತಾಗಿ ಬಂದ ಬಣ್ಣ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ಮೈಸೂರಿನ ಬೀಟೆ ಕೆತ್ತು ಕೆಲಸದ ಪೀಠವಾದರೆ ಕೂರಿಸಿದ ಚಿತ್ರವೇ ಸವೆದೀತು. ಬೀಟೆಯ ದೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ, ಮಾಸ್ಕ್ ಬೇಕೇ ಬೇಕು.

ಹಳೆಯ ಮರ ಇನ್ನು ಅಲುಗುವುದಿಲ್ಲ ಎಂಬುದೂ ನಿಜವಲ್ಲ. ಗಾಳಿಯ ತೇವ ಶೇ. 60 ಇದ್ದಾಗ ಮರದಲ್ಲಿ ಸುಮಾರು ಶೇ. 11 ನೀರಿರುತ್ತದೆ, ಶೇ. 80ಕ್ಕೇರಿದರೆ ಸುಮಾರು ಶೇ. 16. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಕುಗ್ಗಿ, ಅಕ್ಟೋಬರ್ ಮಳೆಗೆ ಉಬ್ಬುತ್ತದೆ. ಮಳೆಯಲ್ಲಿ ಬಿಗಿದುಕೊಂಡ ಡ್ರಾಯರನ್ನು ಉಜ್ಜಿಸಿಬಿಟ್ಟರೆ ಬೇಸಿಗೆಗೆ ಅದು ಗಡಗಡ ಅನ್ನುತ್ತದೆ. ಕಾಯಿರಿ. ಸಡಿಲವಾದ ಕಾಲಿಗೆ ಮೊಳೆ ಹೊಡೆಯುವುದೂ ಬೇಡ, ಮರ ಸೀಳುತ್ತದೆ. ಹಿಂದಿನ ಆಚಾರರು ಕೀಲಿಗೆ ಬಳಸುತ್ತಿದ್ದ ಮರವಜ್ರ ಎಂಬ ಅಂಟು ಬಿಸಿನೀರಿಗೆ ಮೆತ್ತಗಾಗಿ ಬಿಡುತ್ತದೆ. ಅದನ್ನು ಪೂರ್ತಿ ತೆಗೆಯದೆ ಮೇಲೆ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ.

ಇನ್ನು, ಹಿಟ್ಟು ಉದುರಿದ ಕೂಡಲೇ ‘ಗೆದ್ದಲು’ ಅಂದು ಸೀಮೆಎಣ್ಣೆ ಸುರಿಯುತ್ತಾರೆ. ನೆಲದಿಂದ ಬರುವ ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಸುರಂಗ ಕಾಣುತ್ತದೆ. ಸಣ್ಣ ತೂತು, ನುಣ್ಣನೆ ಹಿಟ್ಟು ಕೊರೆಯುವ ಹುಳುವಿನದು. ಅದಕ್ಕೆ ಇಷ್ಟ ಚೇಗಿನ ಸುತ್ತಲಿನ ಬಿಳಿ ಭಾಗ. ಸೀಮೆಎಣ್ಣೆ ಆರಿಹೋಗುತ್ತದೆ, ವಾಸನೆ ಉಳಿಯುತ್ತದೆ. ಮೊದಲು ಮಂಚವನ್ನು ತಟ್ಟಿ ಹಳೆಯ ಹಿಟ್ಟು ಉದುರಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ತಿಂಗಳು ಬಿಡಿ. ಹೊಸ ಹಿಟ್ಟು ಬಿದ್ದರೆ ಪಾಲಿಶ್ ಇಲ್ಲದ ಅಡಿಭಾಗಕ್ಕೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಹಚ್ಚಿ. ಬೀಳದಿದ್ದರೆ ಹುಳು ಎಂದೋ ಹೋಗಿರಬಹುದು, ತೂತಿಗೆ ಮೇಣ ತುಂಬಿ.